ಸಾಲಿನಲ್ಲಿ ನಿಂತ ಪುಟಗಳು

(ನಮ್ಮ ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ. ಉಪನ್ಯಾಸಕರು ವೃತ್ತಿಯಿಂದ ವೈದ್ಯರು.)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯ ಮೇಲೋ ರಕ್ತದೊತ್ತಡದ ಮೇಲೋ ಮಾತನಾಡುತ್ತಾನೆಂಬ ನಿರೀಕ್ಷೆ ಸಹಜವಾದುದು. ಈ ವೇದಿಕೆಯಿಂದ ನಾನು ಹಿಂದೆ ಎರಡು ಬಾರಿ ಅದನ್ನೇ ಮಾಡಿದ್ದೇನೆ. ಆ ಬಳಿಕವೂ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುವವರ ಸಂಖ್ಯೆ ಕಡಿಮೆಯಾದದ್ದು ನನ್ನ ಗಮನಕ್ಕೆ ಬಂದಿಲ್ಲ. ಆದುದರಿಂದ ಈ ಸಲ ವಿಷಯವನ್ನು ಬದಲಿಸಿದ್ದೇನೆ. ಪ್ರಿಂಟರಿಗೆ ಕಳುಹಿಸಿದ ಕಾಗದಗಳು ಎಲ್ಲಿ ನಿಲ್ಲುತ್ತವೆ, ಅವುಗಳನ್ನು ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಒಂದೆರಡು ಪದ ಒತ್ತಿ ಹೇಗೆ ವಿಚಾರಿಸಿಕೊಳ್ಳಬಹುದು ಎಂಬುದೇ ಇಂದಿನ ಮಾತು.

'ಡಾಕ್ಟರಿಗೂ ಪ್ರಿಂಟರಿಗೂ ಏನು ಸಂಬಂಧ?' ಎಂದು ಸಮಿತಿಯವರೇ ಕೇಳಿದರು. ವೈದ್ಯರ ಕೈಬರಹವನ್ನು ಬಲ್ಲವರು ಈ ಪ್ರಶ್ನೆ ಕೇಳಬಾರದು. ಪ್ರಿಂಟರ್ ಬಂದ ಮೇಲೆಯೇ ನಮ್ಮ ವೃತ್ತಿಯವರು ಬರೆದದ್ದನ್ನು ಜಗತ್ತು ಓದಲು ಆರಂಭಿಸಿದ್ದು. ಹಾಸ್ಯ ಹಾಗಿರಲಿ, ಈ ವಿಷಯ ನನ್ನ ಮನಸ್ಸಿನಲ್ಲಿ ಉಳಿದಿರುವುದಕ್ಕೆ ಎರಡು ರಾತ್ರಿಗಳು ಕಾರಣ. ಮೊದಲನೆಯದನ್ನು ಈಗ ಹೇಳುತ್ತೇನೆ.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ರೆಸಿಡೆನ್ಸಿಗೆಂದು ನಾನು ಈ ದೇಶಕ್ಕೆ ಬಂದದ್ದು 1998ರಲ್ಲಿ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಪ್ರಯೋಗಾಲಯದ ವರದಿಗಳು ವಾರ್ಡಿನ ಮೂಲೆಯಲ್ಲಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬಂದು ಬೀಳುತ್ತಿದ್ದವು. ಒಂದು ರಾತ್ರಿ ಮೂತ್ರಪಿಂಡ ಸೋತ ರೋಗಿಯೊಬ್ಬರು ಕೈಕಾಲಿನ ನಿಶ್ಶಕ್ತಿಯಿಂದ ದಾಖಲಾದರು. ರಕ್ತದ ಪೊಟ್ಯಾಸಿಯಂ ಪ್ರಮಾಣ ತಿಳಿಯಬೇಕೆಂದು ಒಂದೂವರೆ ಗಂಟೆಗೆ ರಕ್ತ ಕಳುಹಿಸಿದೆ. ಮೂಲೆಯ ಯಂತ್ರ ಕರಕರ ಸದ್ದು ಮಾಡುತ್ತಲೇ ಇತ್ತು. ಹೊರಬರುತ್ತಿದ್ದುದು ಮಾತ್ರ ಯಾವುದೋ ಬೇರೆ ವಿಭಾಗದ ಬಿಲ್ಲುಗಳ ಪಟ್ಟಿ. ನರ್ಸ್ ಅದನ್ನು ನೋಡಿ ಗೊಣಗಿ, ಮಡಿಸಿ, ಪಕ್ಕಕ್ಕೆ ಇಡುತ್ತಿದ್ದರು. ನಮ್ಮ ವರದಿ ಬಂದಿಲ್ಲವೆಂದರೆ ಪ್ರಯೋಗಾಲಯದವರು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ ಎಂದು ನಾನು ಭಾವಿಸಿದೆ. ಪ್ರಯೋಗಾಲಯದವನ ಪರದೆಯ ಮೇಲೆ 'ಕಳುಹಿಸಲಾಗಿದೆ' ಎಂದು ಬಂದಿತ್ತು. ಆದುದರಿಂದ ವಾರ್ಡಿಗೆ ತಲುಪಿದೆ ಎಂದು ಅವನು ಭಾವಿಸಿದ. ಮಾಡಬೇಕಾಗಿದ್ದ ಫೋನನ್ನು ಅವನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಸುಮಾರು ಮೂರು ಗಂಟೆಗೆ ಹೃದಯದ ಮಾನಿಟರಿನ ಮೇಲಿನ ಅಲೆಗಳು ಎತ್ತರವಾಗಿ, ಅಗಲವಾಗಿ ಕಾಣತೊಡಗಿದಾಗ ನರ್ಸ್ ಓಡಿಬಂದರು. ಆಗ ಫೋನ್ ಮಾಡಿದರೆ ಸಂಖ್ಯೆ 7.2 ಎಂದು ಉತ್ತರ ಬಂತು. ಐದರ ಆಸುಪಾಸಿನಲ್ಲಿ ನಿಲ್ಲಬೇಕಾದುದು ಏಳನ್ನು ದಾಟಿದರೆ ಹೃದಯ ಯಾವ ಗಳಿಗೆಯಲ್ಲಿ ಬೇಕಾದರೂ ನಿಲ್ಲಬಹುದು. ಕ್ಯಾಲ್ಸಿಯಂ ಕೊಟ್ಟೆವು, ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟೆವು, ಬೆಳಗಿನ ಜಾವ ಡಯಾಲಿಸಿಸ್ ಆಯಿತು. ರೋಗಿ ಉಳಿದರು. ಮಧ್ಯಾಹ್ನ ಅವರು ನನ್ನನ್ನು ಕರೆದು ಚಹಾ ಕುಡಿಯಬಹುದೇ ಎಂದು ಕೇಳಿದಾಗ ನನ್ನ ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು.

ಕೆಲಸ ಮುಗಿದ ಮೇಲೆ ಮನೆಗೆ ಹೋಗದೆ ನಾನು ನೆಲಮಾಳಿಗೆಯ ಕಂಪ್ಯೂಟರ್ ಕೋಣೆಗೆ ಇಳಿದೆ. ವರದಿ ಎಲ್ಲಿ ಹೋಗಿತ್ತು ಎಂದು ಕೇಳಿದೆ. ಅಲ್ಲಿನ ವಯಸ್ಸಾದ ಆಪರೇಟರ್ ಎಲ್, ಪಿ, ಕ್ಯೂ ಎಂಬ ಮೂರು ಅಕ್ಷರ ಒತ್ತಿದ. ಪರದೆಯ ಮೇಲೆ ಒಂದು ಪಟ್ಟಿ ಮೂಡಿತು: ಯಾರ ಕಾಗದ, ಎಷ್ಟು ದೊಡ್ಡದು, ಯಾರ ಹಿಂದೆ ಯಾರು. ಬಿಲ್ಲುಗಳ ಇನ್ನೊಂದು ಉದ್ದನೆಯ ಪಟ್ಟಿ ಆಗಲೂ ತಪ್ಪಾಗಿ ನಮ್ಮ ವಾರ್ಡಿನ ಸಾಲಿನಲ್ಲೇ ನಿಂತಿತ್ತು. ಹಿಂದಿನ ರಾತ್ರಿಯೂ ಹೀಗೆಯೇ ಆಗಿತ್ತು; ನನ್ನ ವರದಿ ಆ ಬಿಲ್ಲುಗಳ ಬೆನ್ನ ಹಿಂದೆ ತನ್ನ ಸರದಿಗಾಗಿ ವಿನಯದಿಂದ ಕಾದಿತ್ತು. 'ಡಾಕ್ಟರ್, ರಾತ್ರಿ ಒಂದು ಮಾತು ಕೇಳಿದ್ದರೆ ಒಂದೇ ಸಾಲಿನ ಆಜ್ಞೆಯಿಂದ ನಿಮ್ಮದನ್ನು ಮೇಲಕ್ಕೆ ತರುತ್ತಿದ್ದೆ' ಎಂದು ಹೇಳಿ ಆತ ಅದನ್ನು ಮಾಡಿಯೂ ತೋರಿಸಿದ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸಿನಿಂದ ಬಂದ ಆ ವ್ಯವಸ್ಥೆಯಲ್ಲಿ 'ಎಲ್‌ಪಿಸಿ ಟಾಪ್‌ಕ್ಯೂ' ಎಂದರೆ ಈ ಕಾಗದವನ್ನು ಸಾಲಿನ ತಲೆಗೆ ತಾ ಎಂದು ಅರ್ಥ.

ಕಳುಹಿಸಿದ ಕಾಗದಕ್ಕೂ ತಲುಪಿದ ಕಾಗದಕ್ಕೂ ನಡುವೆ ಒಂದು ಸಾಲು ಇದೆ. ಗುಂಡಿ ಒತ್ತುವ ನಮಗೆ ಅದು ಕಾಣುವುದಿಲ್ಲ.

ನಮ್ಮ ಪೀಳಿಗೆಯವರಿಗೆ ಈ ಸಾಲನ್ನು ವಿವರಿಸುವುದು ಕಷ್ಟವಲ್ಲ. ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಂಡರೆ ಸಾಕು. ಮೈಸೂರಿನ ನಂಜುಮಳಿಗೆಯ ಸಮೀಪ ನಮ್ಮ ಮನೆಯವರು ಹೋಗುತ್ತಿದ್ದ ಗಿರಣಿಯೊಂದಿತ್ತು. ಶನಿವಾರ ಬೆಳಿಗ್ಗೆ ಅಮ್ಮ ರಾಗಿಯ ಡಬ್ಬವನ್ನು ಕೈಗೆ ಕೊಟ್ಟು ಕಳುಹಿಸುತ್ತಿದ್ದರು. ಅಲ್ಲಿ ಮನುಷ್ಯರು ನಿಲ್ಲಬೇಕಾಗಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದವು. ಡಬ್ಬವನ್ನು ಸಾಲಿನಲ್ಲಿಟ್ಟು, ಹೆಸರಿನ ಚೀಟಿ ಸಿಕ್ಕಿಸಿ, ನಾವು ಗೋಲಿ ಆಡಲು ಹೋಗಬಹುದಿತ್ತು. ಕಂಪ್ಯೂಟರಿನಲ್ಲಿ ನಡೆಯುವುದೂ ಇದೇ. ಪ್ರಿಂಟರ್ ನಿಧಾನದ ಯಂತ್ರ, ಕಂಪ್ಯೂಟರ್ ಅವಸರದ ಯಂತ್ರ. ಅವಸರದವನು ನಿಧಾನದವನಿಗಾಗಿ ಕಾಯುತ್ತ ಕೂರಬಾರದೆಂದು ನಮ್ಮ ಕಡತದ ಪ್ರತಿಯೊಂದನ್ನು ಡಿಸ್ಕಿನ ಮೇಲೆ ಒಂದು ಕಡೆ ಇರಿಸಿ, ಅದಕ್ಕೊಂದು ಸಂಖ್ಯೆ ಕೊಟ್ಟು, ನಮ್ಮನ್ನು ಆಟಕ್ಕೆ ಕಳುಹಿಸಿಬಿಡುತ್ತಾರೆ. ಈ ಏರ್ಪಾಟಿಗೆ ಸ್ಪೂಲ್ ಎಂದು ಹೆಸರು. 'ಪ್ರಿಂಟ್' ಗುಂಡಿ ಒತ್ತಿದಾಗ ನಾವು ಮಾಡುವುದು ಡಬ್ಬ ಇಟ್ಟು ಬರುವ ಕೆಲಸ ಮಾತ್ರ. ಬೀಸುವ ಕೆಲಸ ಬೇರೆ.

ಒಂಬತ್ತು ಸಲ ಗುಂಡಿ ಒತ್ತಿದವನು ಒಂಬತ್ತು ಡಬ್ಬ ಇಟ್ಟಿರುತ್ತಾನೆ ಎಂಬುದು ಈಗ ನಿಮಗೆ ಸ್ಪಷ್ಟವಾಗಿರಬೇಕು.

ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಯುನಿಕ್ಸ್ ಪ್ರಪಂಚದಲ್ಲಿ ಈ ಆಜ್ಞೆಗಳಿಗೆ ಎರಡು ಮನೆತನಗಳಿದ್ದವು. ಎಟಿ ಅಂಡ್ ಟಿ ಕಂಪನಿಯ ಕಡೆಯವರು ಎಲ್‌ಪಿ, ಎಲ್‌ಪಿಸ್ಟ್ಯಾಟ್, ಕ್ಯಾನ್ಸಲ್ ಎಂದರು. ಬರ್ಕ್ಲಿಯವರು ಎಲ್‌ಪಿಆರ್, ಎಲ್‌ಪಿಕ್ಯೂ, ಎಲ್‌ಪಿಆರ್‌ಎಮ್ ಎಂದರು. 1999ರಲ್ಲಿ ಮೈಕಲ್ ಸ್ವೀಟ್ ಎಂಬವರು ಕಪ್ಸ್ ಎಂಬ ಹೊಸ ವ್ಯವಸ್ಥೆಯನ್ನು ಹೊರತಂದಾಗ ಎರಡೂ ಮನೆತನದ ಆಜ್ಞೆಗಳನ್ನು ಉಳಿಸಿಕೊಂಡರು. ಜಾಣತನದ ಕೆಲಸ; ಬೀಗರಿಬ್ಬರಲ್ಲಿ ಯಾರಿಗೂ ಬೇಸರವಾಗಲಿಲ್ಲ. 2002ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ಇದನ್ನೇ ತೆಗೆದುಕೊಂಡಿತು. ಲಿನಕ್ಸ್ ಯಂತ್ರಗಳಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ. ಆದುದರಿಂದ ನಿಮ್ಮ ಮನೆಯಲ್ಲಿ ಮ್ಯಾಕ್ ಇದ್ದರೆ ಗಿರಣಿಯ ಲೆಕ್ಕದ ಪುಸ್ತಕ ಈಗಾಗಲೇ ನಿಮ್ಮ ಮೇಜಿನ ಮೇಲಿದೆ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆಯಬೇಕು, ಅಷ್ಟೆ. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ನಾನು ಇಲ್ಲಿ ಕಿವಿಗೆ ಕೇಳುವಂತೆ ಹೇಳುತ್ತಿದ್ದೇನೆ. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದೇ ಹೇಳುತ್ತೇನೆ.

ವೈದ್ಯಕೀಯ ಕಾಲೇಜಿನಲ್ಲಿ ನಮಗೆ ಮೊದಲು ಕಲಿಸಿದ್ದು ರೋಗಿಯನ್ನು ಮುಟ್ಟುವ ಮುನ್ನ ನೋಡಬೇಕು ಎಂದು. ಇಲ್ಲಿ ನೋಡುವ ಆಜ್ಞೆ ಎಲ್‌ಪಿಸ್ಟ್ಯಾಟ್. ಅದರ ಮುಂದೆ ಒಂದು ಸ್ಥಳ ಬಿಟ್ಟು, ಕಿರುಗೆರೆ ಎಳೆದು, 'ಓ' ಎಂದು ಒತ್ತಿದರೆ ಸಾಲಿನಲ್ಲಿರುವ ಎಲ್ಲ ಡಬ್ಬಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಆರಂಭದಲ್ಲಿ ಪ್ರಿಂಟರಿನ ಹೆಸರು, ಕಿರುಗೆರೆ, ಒಂದು ಸಂಖ್ಯೆ: ಅದೇ ಆ ಕಾಗದದ ಚೀಟಿ. ಕಿರುಗೆರೆ 'ಪಿ' ಎಂದರೆ ಪ್ರಿಂಟರ್ ಕೆಲಸ ಮಾಡುತ್ತಿದೆಯೇ, ಸುಮ್ಮನಿದೆಯೇ, ನಿಲ್ಲಿಸಲ್ಪಟ್ಟಿದೆಯೇ ಎಂದು ಉತ್ತರ. ಕಿರುಗೆರೆ 'ಎ' ಎಂದರೆ ಅದು ಹೊಸ ಕಾಗದಗಳನ್ನು ಸ್ವೀಕರಿಸುತ್ತಿದೆಯೇ ಎಂಬುದಕ್ಕೆ ಉತ್ತರ.

ಈ ಕೊನೆಯ ಎರಡು ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ, ಇಲ್ಲಿಯೇ ಬಹಳ ಜನ ಎಡವುವುದು. ಗಿರಣಿಯ ಬೆಲ್ಟ್ ಹರಿದುಹೋಗಿದೆ ಎಂದು ಭಾವಿಸಿ. ಯಂತ್ರ ನಿಂತಿದೆ, ಆದರೆ ಗಿರಣಿಯವನು 'ಇಟ್ಟು ಹೋಗಿ, ಸಾಯಂಕಾಲ ಬೀಸಿಕೊಡುತ್ತೇನೆ' ಎನ್ನುತ್ತಾನೆ. ಡಬ್ಬಗಳು ಸೇರುತ್ತಲೇ ಹೋಗುತ್ತವೆ. ಇದು ಒಂದು ಸ್ಥಿತಿ. ಇನ್ನೊಂದು, ಯಂತ್ರ ಓಡುತ್ತಿದೆ, ಆದರೆ ಒಳಗಿರುವ ಡಬ್ಬಗಳೇ ರಾತ್ರಿಯವರೆಗೆ ಸಾಕು. ಬಾಗಿಲಲ್ಲಿ ನಿಂತು ಹೊಸಬರನ್ನು ಹಿಂದಕ್ಕೆ ಕಳುಹಿಸುತ್ತಾನೆ. ಮೊದಲನೆಯ ಸ್ಥಿತಿಯನ್ನು ತರುವ ಆಜ್ಞೆ ಕಪ್ಸ್‌ಡಿಸೇಬಲ್, ಬಿಡಿಸುವುದು ಕಪ್ಸ್‌ಎನೇಬಲ್. ಎರಡನೆಯದಕ್ಕೆ ಕಪ್ಸ್‌ರಿಜೆಕ್ಟ್ ಮತ್ತು ಕಪ್ಸ್‌ಆಕ್ಸೆಪ್ಟ್. ಮನೆಗಳಲ್ಲಿ ಹೆಚ್ಚಾಗಿ ಸಂಭವಿಸುವುದು ಮೊದಲನೆಯದು: ಪ್ರಿಂಟರ್ ನಿಂತಿದೆ, ಬಾಗಿಲು ತೆರೆದಿದೆ. ಕಳುಹಿಸಿದ್ದೆಲ್ಲ ಸ್ವೀಕೃತವಾಗುತ್ತದೆ, ಯಾವುದೂ ಹೊರಬರುವುದಿಲ್ಲ, ತಪ್ಪಾಗಿದೆ ಎಂದು ಹೇಳುವವರೂ ಇರುವುದಿಲ್ಲ.

ಎರಡನೆಯ ರಾತ್ರಿಯ ಕಥೆ ಇದೇ. ಅದು 2011ರ ಡಿಸೆಂಬರ್. ಮೈಸೂರಿನಿಂದ ತಮ್ಮ ಫೋನ್ ಮಾಡಿ, ತಂದೆಯವರಿಗೆ ಪಾರ್ಶ್ವವಾಯು ಬಡಿದಿದೆ, ಬೇಗ ಹೊರಡು ಎಂದ. ನನಗೆ ಆ ವರ್ಷವಷ್ಟೇ ಇಲ್ಲಿನ ಪೌರತ್ವ ಬಂದಿತ್ತು. ಓಸಿಐ ಕಾರ್ಡು ಇನ್ನೂ ಕೈಸೇರಿರಲಿಲ್ಲ. ಹುಟ್ಟಿದ ಊರಿಗೆ ಹೋಗಲು ವೀಸಾ ಬೇಡುವ ಸ್ಥಿತಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅದರ ರುಚಿಯನ್ನು ನಾನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಕಾನ್ಸುಲೇಟಿನ ಬಾಗಿಲಲ್ಲಿ ಅರ್ಜಿಯ ಮುದ್ರಿತ ಪುಟಗಳೊಡನೆ ನಿಲ್ಲಬೇಕಿತ್ತು. ರಾತ್ರಿ ಹನ್ನೆರಡಕ್ಕೆ ಪ್ರಿಂಟ್ ಒತ್ತಿದೆ; ಯಂತ್ರ ಮಿಸುಕಲಿಲ್ಲ. ಮತ್ತೆ ಒತ್ತಿದೆ. ಪ್ರಿಂಟರನ್ನು ಆರಿಸಿ ಹಚ್ಚಿದೆ. ತಂತಿ ಕಿತ್ತು ಸಿಕ್ಕಿಸಿದೆ. 1998ರ ಆ ಬೆಳಿಗ್ಗೆ ಆಪರೇಟರ್ ಕಲಿಸಿದ್ದೆಲ್ಲ ಮರೆತೇಹೋಗಿತ್ತು. ಕಲಿತದ್ದು ಕೈಕೊಡುವುದು ಇಂಥ ಹೊತ್ತಿನಲ್ಲಿಯೇ.

ಹದಿಮೂರು ವರ್ಷದ ಮಗ ಸದ್ದು ಕೇಳಿ ಎದ್ದು ಬಂದ. 'ಅಪ್ಪಾ, ಒತ್ತೋದು ನಿಲ್ಲಿಸಿ' ಎಂದು ಹೇಳಿ ಕುರ್ಚಿ ಎಳೆದುಕೊಂಡು ಟರ್ಮಿನಲ್ ತೆರೆದ. ಎಲ್‌ಪಿಸ್ಟ್ಯಾಟ್ ಕಿರುಗೆರೆ ಪಿ: ಪ್ರಿಂಟರ್ ಎರಡು ದಿನಗಳ ಹಿಂದಿನಿಂದಲೇ ನಿಂತಿತ್ತು. ಎಲ್‌ಪಿಸ್ಟ್ಯಾಟ್ ಕಿರುಗೆರೆ ಓ: ಸಾಲಿನಲ್ಲಿ ಹತ್ತು ಕಾಗದಗಳು. ಮೊದಲನೆಯದು ಅವನದೇ ಶಾಲೆಯ ದೊಡ್ಡ ಚಿತ್ರಪಟ; ಅದನ್ನು ಮುದ್ರಿಸಲಾಗದೆ ಯಂತ್ರ ಸೋತಿತ್ತು, ಸೋತ ಕೂಡಲೇ ವ್ಯವಸ್ಥೆ ಸಾಲನ್ನೇ ನಿಲ್ಲಿಸಿತ್ತು. ಉಳಿದ ಒಂಬತ್ತೂ ನನ್ನ ವೀಸಾ ಅರ್ಜಿಗಳು. ಕ್ಯಾನ್ಸಲ್ ಎಂದು ಬರೆದು, ತನ್ನ ಚಿತ್ರಪಟದ ಚೀಟಿ ಸಂಖ್ಯೆಯನ್ನೂ ನನ್ನ ಎಂಟು ಅರ್ಜಿಗಳ ಸಂಖ್ಯೆಗಳನ್ನೂ ಒತ್ತಿದ. ಕಪ್ಸ್‌ಎನೇಬಲ್ ಎಂದು ಬರೆದು ಪ್ರಿಂಟರಿನ ಹೆಸರು ಕೊಟ್ಟ. ಅರ್ಧ ನಿಮಿಷದಲ್ಲಿ ಮೊದಲ ಪುಟ ಹೊರಬಂತು. ಮರುದಿನ ಸಂಜೆ ವಿಮಾನ ಹತ್ತಿದೆ. ನಾನು ತಲುಪಿದಾಗ ತಂದೆಯವರಿಗೆ ಮಾತು ತೊದಲುತ್ತಿತ್ತು, ಆದರೆ ಇತ್ತು. ನನ್ನನ್ನು ಗುರುತಿಸಿ, ಊಟವಾಯಿತೇ ಎಂದು ಕೇಳಿದರು.

ಒಂದು ಕಾಗದ ಸೋತರೆ ಮುಂದೇನು ಎಂಬುದನ್ನು ನಾವೇ ತೀರ್ಮಾನಿಸಬಹುದು ಎಂಬುದು ನನಗೆ ತಿಳಿದದ್ದು ಆ ಘಟನೆಯ ಬಳಿಕ. ಸೋತ ಕಾಗದವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗು ಎನ್ನಬಹುದು; ಆಮೇಲೆ ಪುನಃ ಪ್ರಯತ್ನಿಸು ಎನ್ನಬಹುದು; ಇದು ಆಗುವವರೆಗೆ ಇದನ್ನೇ ಪ್ರಯತ್ನಿಸುತ್ತಿರು ಎನ್ನಬಹುದು; ಅಥವಾ ಪ್ರಿಂಟರನ್ನೇ ನಿಲ್ಲಿಸು ಎನ್ನಬಹುದು. ಎಲ್‌ಪಿಅಡ್ಮಿನ್ ಎಂಬ ಆಜ್ಞೆಯಿಂದ ಈ ನಾಲ್ಕರಲ್ಲಿ ಒಂದನ್ನು ಪ್ರತಿ ಪ್ರಿಂಟರಿಗೂ ಗೊತ್ತುಮಾಡಬಹುದು. ಯಾರ ಮನೆಗೆ ಯಾವುದು ಹೊಂದುತ್ತದೆ ಎಂಬುದು ಅವರವರ ಸ್ವಭಾವ. ಮಕ್ಕಳಿರುವ ಮನೆಯಲ್ಲಿ ಕೊನೆಯದು ಬೇಡ ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಯಲ್ಲಿ ಮಾತ್ರ ಮೊದಲನೆಯದು ಅಪಾಯಕರ: ಸೋತ ವರದಿಯನ್ನು ಕೈಬಿಟ್ಟ ಸಂಗತಿ ಯಾರಿಗೂ ತಿಳಿಯದೇ ಹೋಗಬಹುದು.

ಮನೆಯ ಪ್ರಿಂಟರುಗಳಿಗೆ ತಗಲುವ ಇನ್ನೊಂದು ಸಾಮಾನ್ಯ ರೋಗವಿದೆ. ಇಂಟರ್ನೆಟ್ ಕಂಪನಿ ಬದಲಿಸಿ ಹೊಸ ರೌಟರ್ ತಂದಿರಿ. ಪ್ರಿಂಟರಿಗೆ ಹೊಸ ವಿಳಾಸ ಬಂತು. ಸಾಲು ಮಾತ್ರ ಹಳೆಯ ವಿಳಾಸಕ್ಕೇ ಅಂಚೆ ಹಾಕುತ್ತಿರುತ್ತದೆ. ಎಲ್‌ಪಿಸ್ಟ್ಯಾಟ್ ಕಿರುಗೆರೆ 'ವಿ' ಎಂದು ಕೇಳಿದರೆ ಸಾಲು ಯಾವ ವಿಳಾಸವನ್ನು ನಂಬಿಕೊಂಡಿದೆ ಎಂದು ತೋರಿಸುತ್ತದೆ. ಕಾಗದ ಯಂತ್ರದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ ಯಾವ ಆಜ್ಞೆಯೂ ಕೆಲಸಕ್ಕೆ ಬಾರದು. ತೋಳು ಮಡಿಸಿ ಕೈಹಾಕಬೇಕು.

ಇನ್ನು ಸಾಲಿನೊಳಗಿನ ವ್ಯವಹಾರ. ಕಡತವನ್ನು ಕಳುಹಿಸುವ ಆಜ್ಞೆ ಎಲ್‌ಪಿ. ಕಿರುಗೆರೆ 'ಡಿ'ಯೊಡನೆ ಪ್ರಿಂಟರಿನ ಹೆಸರು, ಕಿರುಗೆರೆ 'ಎನ್'ನೊಡನೆ ಎಷ್ಟು ಪ್ರತಿ ಎಂದು ಹೇಳಬಹುದು. ಕಿರುಗೆರೆ 'ಕ್ಯೂ'ವಿನೊಡನೆ ಒಂದರಿಂದ ನೂರರವರೆಗಿನ ಸಂಖ್ಯೆ ಕೊಟ್ಟರೆ ಅದು ಆದ್ಯತೆ. ಏನೂ ಹೇಳದಿದ್ದರೆ ಐವತ್ತು. ಈಗಾಗಲೇ ಸಾಲಿನಲ್ಲಿ ನಿಂತ ಕಾಗದದ ಆದ್ಯತೆಯನ್ನೂ ಕಿರುಗೆರೆ 'ಐ' ಮತ್ತು ಚೀಟಿ ಸಂಖ್ಯೆಯಿಂದ ಹೆಚ್ಚಿಸಬಹುದು. ಗಿರಣಿಯವನ ನೆಂಟರ ಡಬ್ಬ ಹೇಗೆ ಮುಂದೆ ಹೋಗುತ್ತಿತ್ತು ಎಂಬುದು ನೆನಪಿದೆಯಲ್ಲವೇ? ಆದರೆ ಎಂಥ ನೆಂಟನಾದರೂ ಕಲ್ಲಿನ ಬಾಯಿಗೆ ಬಿದ್ದಿರುವ ಕಾಳನ್ನು ಹೊರಗೆ ತೆಗೆಸಲಾರ. ಆಗಲೇ ಮುದ್ರಣವಾಗುತ್ತಿರುವ ಕಾಗದ ಮುಗಿಯಲೇಬೇಕು, ಇಲ್ಲವೇ ರದ್ದಾಗಬೇಕು. ರದ್ದು ಮಾಡಿದ ಮೇಲೂ ಒಂದೆರಡು ಪುಟ ಬರುವುದುಂಟು. ಅವು ಆ ವೇಳೆಗೆ ಪ್ರಿಂಟರಿನ ಸ್ವಂತ ಜ್ಞಾಪಕಕ್ಕೆ ಇಳಿದಿರುತ್ತವೆ. ಇಡೀ ಸಾಲನ್ನೇ ಬೇರೆ ಪ್ರಿಂಟರಿಗೆ ಸಾಗಿಸಬೇಕಾದರೆ ಎಲ್‌ಪಿಮೂವ್ ಎಂದು ಬರೆದು ಹಳೆಯ ಹೆಸರು, ಹೊಸ ಹೆಸರು ಕೊಟ್ಟರಾಯಿತು. ಆ ಗಿರಣಿ ಕೆಟ್ಟಿತು, ಡಬ್ಬಗಳನ್ನೆಲ್ಲ ಮುಂದಿನ ಬೀದಿಯ ಗಿರಣಿಗೆ ಹೊತ್ತುಕೊಂಡು ಹೋಗಿ ಎಂದಂತೆ.

ಕಾಗದವನ್ನು ತಡೆದಿಡುವುದಕ್ಕೆ ದೊಡ್ಡ ಅಕ್ಷರದ 'ಎಚ್' ಇದೆ. ಅದರೊಡನೆ 'ಹೋಲ್ಡ್' ಎಂದರೆ ನೀವು ಹೇಳುವವರೆಗೆ ಅದು ಪಕ್ಕದಲ್ಲಿ ನಿಂತಿರುತ್ತದೆ. ಆಮೇಲೆ ಚೀಟಿ ಸಂಖ್ಯೆ ಕೊಟ್ಟು 'ರೆಸ್ಯೂಮ್' ಎನ್ನಬಹುದು. ಗಂಟೆ ಮತ್ತು ನಿಮಿಷ ಕೊಟ್ಟರೆ ಆ ಹೊತ್ತಿಗೆ ಮುದ್ರಿಸುತ್ತದೆ. ಆದರೆ ಎಚ್ಚರಿಕೆ! ಆ ಹೊತ್ತು ನಮ್ಮ ಹೊತ್ತಲ್ಲ, ಜಾಗತಿಕ ಪ್ರಮಾಣಕಾಲ. ಚಳಿಗಾಲದಲ್ಲಿ ಚಿಕಾಗೋದ ರಾತ್ರಿ ಹತ್ತಕ್ಕೆ ಮುದ್ರಿಸಬೇಕಾದರೆ ನಾಲ್ಕು ಗಂಟೆ ಎಂದು ಬರೆಯಬೇಕು. ಆಗ ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅಮ್ಮನಿಗೆ ಫೋನ್ ಮಾಡುವ ಮುನ್ನ ಬೆರಳು ಮಡಿಸಿ ಎರಡು ಗಡಿಯಾರ ಲೆಕ್ಕ ಹಾಕುವ ನಮಗೆ ಇದು ಮೂರನೆಯದು.

ವೈದ್ಯನಾಗಿ ನನಗೆ ಮುಖ್ಯವೆನಿಸುವ ಇನ್ನೊಂದು ಸಂಗತಿಗೆ ಸ್ವಲ್ಪ ಹೊತ್ತು ಕೊಡುತ್ತೇನೆ. ಮುದ್ರಣ ಮುಗಿದ ಮೇಲೆ ಗಿರಣಿಯಲ್ಲಿ ಏನು ಉಳಿಯುತ್ತದೆ? ನಮ್ಮ ಊರಿನಲ್ಲಿ ಮೆಣಸಿನಪುಡಿ ಬೀಸಿದ ಮೇಲೆ ಬಂದ ಗೋಧಿ ಹಿಟ್ಟಿನ ಚಪಾತಿ ತಿಂದವರಿಗೆ ಇದರ ಉತ್ತರ ಗೊತ್ತು. ಕಪ್ಸ್ ವ್ಯವಸ್ಥೆ ಬೇರೆ ಸೂಚನೆ ಇಲ್ಲದಿದ್ದರೆ ಮುದ್ರಿತ ಕಡತದ ಪ್ರತಿಯನ್ನು 86,400 ಸೆಕೆಂಡು, ಅಂದರೆ ಒಂದು ಪೂರ್ತಿ ದಿನ, ಡಿಸ್ಕಿನ ಮೇಲೆ ಇಟ್ಟುಕೊಳ್ಳುತ್ತದೆ. ಇದರಿಂದ ಅನುಕೂಲವಿದೆ; ಮುಗಿದ ಕಾಗದದ ಸಂಖ್ಯೆ ಕೊಟ್ಟು 'ರೀಸ್ಟಾರ್ಟ್' ಎಂದರೆ ಮರುದಿನವೂ ಅದೇ ಪ್ರತಿ ಸಿಗಬಹುದು. ಆದರೆ ಕಚೇರಿಯ ಹಂಚಿಕೆಯ ಯಂತ್ರದಲ್ಲಿ ನಿಮ್ಮ ತೆರಿಗೆಯ ಪತ್ರವೋ ಬಯಾಪ್ಸಿಯ ವರದಿಯೋ ಒಂದು ದಿನ ಮಲಗಿರುತ್ತದೆ ಎಂದೂ ಇದರ ಅರ್ಥ. ಕ್ಯಾನ್ಸಲ್ ಎಂಬ ಬರಿಯ ಆಜ್ಞೆ ಕಾಗದವನ್ನು ಸಾಲಿನಿಂದ ತೆಗೆಯುತ್ತದೆ. ಅದರೊಡನೆ ಕಿರುಗೆರೆ 'ಎಕ್ಸ್' ಸೇರಿಸಿದರೆ ಕಡತದ ಪ್ರತಿಯನ್ನೂ ಅಳಿಸುತ್ತದೆ. ಈ ದೇಶದಲ್ಲಿ ರೋಗಿಯ ಮಾಹಿತಿಯ ಗೌಪ್ಯತೆಗೆ ತಳಹದಿಯಾದ ಹಿಪಾ ಕಾನೂನು 1996ರಲ್ಲಿ ಬಂತು. ಕಾನೂನು ಇರಲಿ ಬಿಡಲಿ, ನಾಲ್ಕನೆಯ ಮಹಡಿಗೆ ಕಳುಹಿಸಬೇಕಾದ ವರದಿ ಎರಡನೆಯ ಮಹಡಿಯಲ್ಲಿ ಯಾರ ಕೈಗೋ ಬರುವುದನ್ನು ನಾನು ಕಂಡಿದ್ದೇನೆ. ತಪ್ಪು ಸಾಲಿಗೆ ಹೋದ ಕಾಗದವನ್ನು ಹಿಂಪಡೆಯದೆ ಸರಿಯಾದ ಸಾಲಿಗೆ ಇನ್ನೊಂದನ್ನು ಕಳುಹಿಸಿ ಸುಮ್ಮನಾಗುವುದು ನಮ್ಮೆಲ್ಲರ ಅಭ್ಯಾಸ. ನಿಂತಿದ್ದ ಪ್ರಿಂಟರಿಗೆ ಮೂರು ದಿನಗಳ ಬಳಿಕ ಯಾರೋ ಜೀವ ಕೊಟ್ಟಾಗ ಹಳೆಯದೆಲ್ಲ ಹೊರಬರುತ್ತದೆ. ಅಷ್ಟರಲ್ಲಿ ಆ ರೋಗಿ ಮನೆಗೆ ಹೋಗಿರಬಹುದು, ತೀರಿಯೂ ಹೋಗಿರಬಹುದು.

'ಮುಗಿದಿದೆ' ಎಂಬ ಪದದ ಬಗ್ಗೆಯೂ ಒಂದು ಮಾತು. ಎಲ್‌ಪಿಸ್ಟ್ಯಾಟಿಗೆ ದೊಡ್ಡ ಅಕ್ಷರದ 'ಡಬ್ಲ್ಯು' ಮತ್ತು 'ಕಂಪ್ಲೀಟೆಡ್' ಎಂದು ಸೇರಿಸಿದರೆ ಮುಗಿದ ಕಾಗದಗಳ ಪಟ್ಟಿ ಬರುತ್ತದೆ. ಸಾಲಿನ ಮಟ್ಟಿಗೆ ಮುಗಿದಿದೆ ಎಂದರೆ ತನ್ನ ಕೈಯಿಂದ ಪ್ರಿಂಟರಿಗೆ ಒಪ್ಪಿಸಿದ್ದಾಯಿತು ಎಂದಷ್ಟೇ ಅನೇಕ ವೇಳೆ ಅರ್ಥ. ಶಾಯಿ ತೀರಿ ಬಿಳಿಯ ಹಾಳೆ ಬಂದಿದ್ದರೂ ಪಟ್ಟಿಯಲ್ಲಿ ಅದು ಮುಗಿದ ಕೆಲಸವೇ. ಆ ಪ್ರಯೋಗಾಲಯದವನ ಪರದೆಯನ್ನು ನಾನು ಇಂದಿಗೂ ನೆನೆಯುತ್ತೇನೆ.

ವಿಂಡೋಸ್ ಬಳಸುವವರು ಆಗಲೇ ಚಡಪಡಿಸುತ್ತಿದ್ದೀರಿ. ನಿಮ್ಮಲ್ಲಿಯೂ ಗಿರಣಿಯಿದೆ, ಅದರ ಹೆಸರು ಸ್ಪೂಲರ್. ಆಡಳಿತಾಧಿಕಾರವಿರುವ ಕಮಾಂಡ್ ಕಿಟಕಿಯಲ್ಲಿ 'ನೆಟ್ ಸ್ಟಾಪ್ ಸ್ಪೂಲರ್' ಎಂದರೆ ನಿಲ್ಲುತ್ತದೆ, 'ನೆಟ್ ಸ್ಟಾರ್ಟ್ ಸ್ಪೂಲರ್' ಎಂದರೆ ಹೊರಡುತ್ತದೆ. ಅಳಿಸಲು ಹೋದರೆ 'ಅಳಿಸಲಾಗುತ್ತಿದೆ' ಎಂದು ತೋರಿಸುತ್ತ ಎಷ್ಟು ಹೊತ್ತಾದರೂ ಅಳಿಯದ ಕಾಗದವನ್ನು ನೀವೆಲ್ಲ ಕಂಡಿದ್ದೀರಿ. ಸ್ಪೂಲರನ್ನು ನಿಲ್ಲಿಸಿ, ವಿಂಡೋಸಿನ ಸಿಸ್ಟಂ32 ಕಡತಕೋಶದ ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಕೋಶದಲ್ಲಿರುವುದನ್ನೆಲ್ಲ ಅಳಿಸಿ, ಮತ್ತೆ ಹೊರಡಿಸುವುದೇ ಅದಕ್ಕೆ ಮದ್ದು. ಇದು ಎಲ್ಲರ ಡಬ್ಬವನ್ನೂ ಬೀದಿಗೆ ಸುರಿಯುವ ಚಿಕಿತ್ಸೆ ಎಂಬುದು ನೆನಪಿರಲಿ. ನಾಜೂಕಾಗಿ ಒಂದೊಂದೇ ಕಾಗದವನ್ನು ನೋಡಿ ತೆಗೆಯಲು ಪವರ್‌ಶೆಲ್ಲಿನಲ್ಲಿ 'ಗೆಟ್ ಪ್ರಿಂಟ್‌ಜಾಬ್', 'ರಿಮೂವ್ ಪ್ರಿಂಟ್‌ಜಾಬ್' ಎಂಬ ಆಜ್ಞೆಗಳಿವೆ. ಮೊದಲ ಪದಕ್ಕೂ ಎರಡನೆಯದಕ್ಕೂ ನಡುವೆ ಕಿರುಗೆರೆ ಇರಬೇಕು. ಜೊತೆಗೆ ತಂತ್ರಾಂಶದ ಪರಿಷ್ಕರಣೆಗಳನ್ನು ಹಾಕಿಕೊಳ್ಳುತ್ತಿರಿ. 2021ರಲ್ಲಿ ವಿಂಡೋಸಿನ ಸ್ಪೂಲರಿನಲ್ಲಿ, 2024ರಲ್ಲಿ ಕಪ್ಸಿನ ಜೊತೆಗಿರುವ ಭಾಗಗಳಲ್ಲಿ ಕಳ್ಳರು ನುಗ್ಗಬಹುದಾದ ದೊಡ್ಡ ಕಿಂಡಿಗಳು ಕಂಡುಬಂದಿದ್ದವು.

ಕೊನೆಯದಾಗಿ ನಮ್ಮ ಕೂಟಕ್ಕೇ ಸೇರಿದ ಮಾತು. ಮಕ್ಕಳ ಕನ್ನಡ ತರಗತಿಯ ಹಾಳೆಗಳನ್ನು ಮುದ್ರಿಸಲು ಹೋಗಿ, ಅಕ್ಷರಗಳ ಬದಲು ಯಾವುದೋ ಯೂರೋಪಿನ ಭಾಷೆಯ ಚಿಹ್ನೆಗಳು ಬಂದವೆಂದು ಶಿಕ್ಷಕಿಯೊಬ್ಬರು ಕಳೆದ ತಿಂಗಳು ದುಃಖಪಟ್ಟರು. ಹಳೆಯ ಕಡತಗಳ ಗತಿ ಅದು. 'ಬರಹ', 'ನುಡಿ'ಗಳ ಹಿಂದಿನ ಅಕ್ಷರಶೈಲಿಗಳಲ್ಲಿ ಬರೆದ ಕಡತ ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಹಾಗೆಯೇ ಕಾಣುತ್ತದೆ, ಪ್ರಿಂಟರಿನ ತಪ್ಪಲ್ಲ. ಈಗಿನ ಯೂನಿಕೋಡ್ ಕಡತವನ್ನು ಸಹ ಬರಿಯ ಪಠ್ಯವಾಗಿ ಎಲ್‌ಪಿ ಆಜ್ಞೆಗೆ ಕೊಟ್ಟಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾದದ್ದನ್ನು ನಾನು ಕಂಡಿದ್ದೇನೆ. ಮೊದಲು ಅಕ್ಷರಶೈಲಿಯನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್ ಮಾಡಿ, ಅದನ್ನು ಸಾಲಿಗೆ ಕಳುಹಿಸಿ. ಒಂದು ಪ್ರತಿ ನೋಡಿಕೊಂಡು, ಒತ್ತಕ್ಷರಗಳು ಸರಿಯಾಗಿ ನಿಂತಿವೆಯೆಂದು ಖಚಿತವಾದ ಮೇಲೆ ಕಿರುಗೆರೆ 'ಎನ್' ಅರವತ್ತು ಎನ್ನಿ.

ನನ್ನ ಲ್ಯಾಪ್‌ಟಾಪನ್ನು ಹಿಂದಿನ ಮೇಜಿನ ಮೇಲೆ ತೆರೆದಿಟ್ಟಿದ್ದೇನೆ, ಪಕ್ಕದಲ್ಲಿ ಕೂಟದ ಹಳೆಯ ಪ್ರಿಂಟರೂ ಇದೆ. ಸಾಲಿನಲ್ಲಿ ಬೇಕೆಂದೇ ಐದು ಕಾಗದ ತಡೆದಿಟ್ಟಿದ್ದೇನೆ. ಆಸಕ್ತರು, ಮುಖ್ಯವಾಗಿ ಮಕ್ಕಳು, ಬಂದು ಬಿಡುಗಡೆ ಮಾಡಬಹುದು. ಮೂರನೆಯ ಕಾಗದ ಇಂದಿನ ಊಟದ ಪಟ್ಟಿ. ಬಿಸಿಬೇಳೆ ಭಾತ್ ಆರುತ್ತಿದೆಯೆಂದು ಅಡುಗೆಮನೆಯಿಂದ ಈಗ ಎರಡನೆಯ ಬಾರಿ ಸೂಚನೆ ಬಂದಿದೆ.